ತೆರಿಗೆಯ ಜಗಳದಲ್ಲಿ ಬೀಗರಾದದ್ದು

ಈ ಕಥೆಯನ್ನು ಪಟ್ಟಂದೂರು ಅಗ್ರಹಾರದವರು ಒಂದು ಬಗೆಯಾಗಿ ಹೇಳುತ್ತಾರೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರು ಇನ್ನೊಂದು ಬಗೆಯಾಗಿ. ಅಗ್ರಹಾರದ ಪಾಠದಲ್ಲಿ ವಾದ ಗೆದ್ದವನು ಗಂಡಿನ ಅಪ್ಪ. ಅಪಾರ್ಟ್‌ಮೆಂಟಿನ ಪಾಠದಲ್ಲಿ ಹೆಣ್ಣಿನ ಅಪ್ಪ. ನಡುವೆ ಸಿಕ್ಕಿ ಬೆವತವನು ನಂದೀಶ ಎಂಬುದರಲ್ಲಿ ಮಾತ್ರ ಎರಡು ಪಾಠಗಳಿಗೂ ಭೇದವಿಲ್ಲ.

ನಂದೀಶ ಅಗ್ರಹಾರದಲ್ಲಿ ರಾಗಿ ಬೆಳೆಯುವ ನರಸಪ್ಪನ ಮಗ, ಬಣ್ಣದಂಗಡಿ ಇಟ್ಟವನು. ಆ ಅಂಗಡಿಗೆ ಗೋಡೆಯ ಬಣ್ಣ ಕೊಳ್ಳಲು ಬಂದ ರಕ್ಷಿತಾ, ಒಂದು ಕೋಣೆಗೆ ಬೇಕಾದ ಬಣ್ಣವನ್ನು ವರ್ಷವಿಡೀ ಕೊಂಡಳು ಎಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಅವಳ ತಂದೆ ಈರಣ್ಣ ರಾಣೆಬೆನ್ನೂರು ಕಡೆಯವನು, ಕಂಪನಿಯೊಂದರಲ್ಲಿ ಮ್ಯಾನೇಜರ್. ಎರಡು ಮನೆಗಳಿಗೂ ಜಾತಿ ಬೇರೆ, ಅಡುಗೆ ಬೇರೆ, ಆಡುವ ಕನ್ನಡವೂ ಬೇರೆ. ಆದರೂ ಮಗಳ ಹಟಕ್ಕೆ ಮಣಿದ ಈರಣ್ಣ, "ಭಾನುವಾರ ಹಿರಿಯರು ಬರಲಿ. ಮಾತು ಕೂಡಿದರೆ ಮದುವೆ, ಕೂಡದಿದ್ದರೆ ಈ ವಿಷಯವನ್ನು ಮತ್ತೆ ಎತ್ತಬಾರದು" ಎಂದು ಕರಾರು ಹಾಕಿದ್ದನು.

ಹೀಗಾಗಿ ನಂದೀಶ ಕಾರಿನಲ್ಲಿ ಹೋಗುವಾಗಲೇ ಅಪ್ಪನಿಗೆ ಪಾಠ ಹೇಳಿಕೊಟ್ಟನು.

"ಅಪ್ಪಾ, ಜಾತಿ ಮಾತು ಬೇಡ, ಜಮೀನ್ ಮಾತು ಬೇಡ, ಕೋಳಿ ಸಾರಂತೂ ಬೇಡ್ವೇ ಬೇಡ. ಇನ್ಕಮ್ ಟ್ಯಾಕ್ಸ್ ತೆಗ್ದಾಕಿ ದೇಶಕ್ಕೆಲ್ಲಾ ಒಂದೇ ಸೇಲ್ಸ್ ಟ್ಯಾಕ್ಸ್ ಇಡ್ಬೇಕು ಅಂತ ಟೀವೀಲಿ ಕಿತ್ತಾಡ್ತಾರಲ್ಲ, ಅದನ್ನ ಎತ್ತು. ಸಂಬ್ಳದಲ್ಲಿ ಟ್ಯಾಕ್ಸ್ ಹಿಡಿಯೋದು ಅಂದ್ರೆ ಅವ್ರಿಗೆ ಮೈಯೆಲ್ಲಾ ಉರಿಯುತ್ತಂತೆ. ಇನ್ಕಮ್ ಟ್ಯಾಕ್ಸ್ ತೊಲಗ್ಲಿ ಅನ್ನು, ಬೆಣ್ಣೆ ಥರ ಕರಗ್ತಾರೆ."

"ಅದು ನಂಗೆ ಒಪ್ಗೆ ಇಲ್ವಲ್ಲೋ! ಮನೆ ಮೇಲೆ ಮೂರ್ನೇ ಮಹ್ಡಿ ಕಟ್ಟಿಸ್ತಾ ಇವ್ನಿ. ಸಿಮೆಂಟ್ಗೂ ಕಬ್ಣಕ್ಕೂ ಈಗ ಕೊಡೋ ಟ್ಯಾಕ್ಸೇ ಸಾಲ್ದಾ?"

"ಇವತ್ತೊಂದಿನ ಒಪ್ಕೋ ಅಪ್ಪಾ."

"ಮಗನ ಮದ್ವೆ ಅಂದ್ರೆ ಏನೇನ್ ಒಪ್ಕೋಬೇಕೋ ಶಿವ್ನೇ!"

ಹಿಂದಿನ ಸೀಟಿನಿಂದ ತಾಯಿ ಅಂಜಿನಮ್ಮ ಕೇಳಿದಳು: "ನಂಗೇನೂ ಹೇಳ್ಕೊಡಾಕಿಲ್ವೇನ್ಲಾ?"

"ನೀನು ಸುಮ್ನೆ ನಗ್ತಾ ಇರವ್ವಾ."

"ಅದು ಬತ್ತದೆ ಬುಡು."

ಈರಣ್ಣನ ಮನೆಯಲ್ಲಿ ಆದರಕ್ಕೆ ಕೊರತೆಯಿರಲಿಲ್ಲ. ಅವನ ಹೆಂಡತಿ ಬಸಮ್ಮ ಶೇಂಗಾ ಹೋಳಿಗೆಯ ತಟ್ಟೆಗಳನ್ನು ತಂದಿಟ್ಟಳು. ಬಿಸಿಲಿನ ಮಾತಾಯಿತು, ಮೆಟ್ರೋದ ಮಾತಾಯಿತು, ಅಲ್ಲಿಗೆ ಮಾತು ಬತ್ತಿತು. ಮಗ ಕೆಮ್ಮಿದನು. ನರಸಪ್ಪ ಕಹಿ ಗುಳಿಗೆ ನುಂಗುವವನಂತೆ ಕಣ್ಣು ಮುಚ್ಚಿ ಹೇಳಿದನು:

"ಅಲ್ಲಾ ಸ್ವಾಮೀ, ಈ ಇನ್ಕಮ್ ಟ್ಯಾಕ್ಸ್ ಅನ್ನೋದನ್ನ ಬುಡಸಮೇತ ಕಿತ್ತಾಕ್ಬೇಕು ಕಣ್ರೀ. ಏನಿದ್ರೂ ಅಂಗ್ಡೀಲಿ ಕೊಳ್ಳೋವಾಗ ಈಸ್ಕಳ್ಳಿ."

ನಂದೀಶ ಈರಣ್ಣನ ಮುಖ ಅರಳುವುದನ್ನೇ ಕಾದನು. ಈರಣ್ಣನ ಮುಖವೋ, ಉಗುಳಲಾಗದ ಖಾರದ ಮೆಣಸಿನಕಾಯಿ ಬಾಯಲ್ಲಿಟ್ಟುಕೊಂಡವನ ಮುಖದಂತಿತ್ತು.

"ಛೇ ಛೇ, ಹಂಗನಬ್ಯಾಡ್ರೀ! ಇನ್ಕಮ್ ಟ್ಯಾಕ್ಸ್ ಇರಬೇಕ್ರೀ. ಗಳಿಸಿದಾಂವ ಕೊಡಬೇಕು. ಉಪ್ಪು ತಗೊಳ್ಳಾಕ ಬಂದ ಬಡವಗ ಯಾಕ್ ತೆರಿಗಿ?"

ಅಷ್ಟರಲ್ಲಿ ನಂದೀಶನ ಕಿಸೆಯ ಫೋನು ನಡುಗಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಕ್ಷಿತಾ ಕಳಿಸಿದ್ದಳು: "ನಿಮ್ಮಪ್ಪಂಗೆ ಸೇಲ್ಸ್ ಟ್ಯಾಕ್ಸ್ ಕಂಡ್ರೆ ಆಗಲ್ವಲ್ಲ, ಅದಕ್ಕೆ ಹಿಂಗೇ ಹೇಳು ಅಂತ ನಮ್ಮಪ್ಪಂಗೆ ನಾನೇ ಹೇಳ್ಕೊಟ್ಟೆ ಕಣೋ. ನಿಮ್ಮಪ್ಪಂಗೆ ಏನಾಯ್ತು?"

ಏನಾಯಿತೆಂದು ತಿಳಿಸಲು ಅವನಿಗೆ ಬಿಡುವೇ ಸಿಗಲಿಲ್ಲ. ಒಬ್ಬರನ್ನೊಬ್ಬರು ಮೆಚ್ಚಿಸಲು ಹೊರಟ ಆ ಇಬ್ಬರು, ಒಬ್ಬರ ಪಕ್ಷವನ್ನು ಇನ್ನೊಬ್ಬರು ಕಸಿದುಕೊಂಡು ವಾದಕ್ಕಿಳಿದಿದ್ದರು.

"ಇಲ್ನೋಡ್ರೀ" ಎಂದು ಈರಣ್ಣ ನರಸಪ್ಪನ ತಟ್ಟೆಯಿಂದ ಒಂದು ಹೋಳಿಗೆ ಎತ್ತಿದನು. "ನಿಮಗ ಮೂರು ಬಂದ್ವು, ಒಂದು ಸರಕಾರಕ್ಕ ಕೊಟ್ರಿ. ಒಂದ ಹೋಳಿಗಿ ಇದ್ದಾಂವನ್ನ ಯಾರೂ ಮುಟ್ಟಂಗಿಲ್ಲ. ಇದು ನ್ಯಾಯ ಹೌದಲ್ಲೋ?"

"ನ್ಯಾಯವಾ? ತಿನ್ನೋಕ್ ಮುಂಚೇನೇ ಕಿತ್ಕಂಡ್ರಲ್ಲ ನೀವು!" ನರಸಪ್ಪ ಅದನ್ನು ಮರಳಿ ಕಸಿದುಕೊಂಡನು. "ತಿಂದೋನು ತಿಂದಷ್ಟಕ್ಕೆ ಕೊಡ್ಲಿ. ಉಳ್ಸಿದೋನ ತಟ್ಟೆಗ್ಯಾಕೆ ಕೈ ಆಕ್ತೀರಿ?"

"ಸಾವ್ಕಾರಗೂ ಹೊಟ್ಟಿ ಒಂದ, ಕೂಲಿಯವಗೂ ಹೊಟ್ಟಿ ಒಂದ. ಇಬ್ಬರಿಗೂ ಸರಿಸಮ ಹಾಕಿದ್ರ ಸಾವ್ಕಾರ ನಕ್ಕೋಂತ ಹೋಗ್ತಾನ."

"ಸಾವ್ಕಾರ ಕಾರ್ ಕೊಳ್ಳಾಕಿಲ್ವಾ? ಬಂಗ್ಲೆ ಕಟ್ಟಾಕಿಲ್ವಾ? ಅಲ್ಲಿ ಇಡ್ಕಳಿ!"

ಹೋಳಿಗೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾರಿತು, ಅರ್ಧವಾಯಿತು, ಕಾಲಾಯಿತು. ಕೇಳುತ್ತ ಕೇಳುತ್ತ ನರಸಪ್ಪನಿಗೆ ಈರಣ್ಣನ ಮಾತು ಬಹಳ ರುಚಿಸತೊಡಗಿತು. ರುಚಿಸದೆ ಏನು? ಅದು ಅವನದೇ ಮಾತು. ಈರಣ್ಣನಿಗೂ ನರಸಪ್ಪನ ವಾದ ಜೇನಿನಂತೆ ಇಳಿಯುತ್ತಿತ್ತು.

"ಸೋತೆ ಸ್ವಾಮೀ. ನೀವಂದಂಗೆ ಇನ್ಕಮ್ ಟ್ಯಾಕ್ಸೇ ಇರ್ಲಿ" ಎಂದು ನರಸಪ್ಪ ಕೈ ಮುಗಿದನು.

"ಏ, ಇಲ್ರೀ, ಸೋತಾಂವ ನಾನು. ನೀವ್ ಹೇಳಿದ್ದು ಖರೇ. ಸೇಲ್ಸ್ ಟ್ಯಾಕ್ಸ್ ಒಂದ ಸಾಕು!"

ಇಬ್ಬರೂ ಸಂತೋಷದಿಂದ ಕೈ ಹಿಡಿದುಕೊಂಡರು. ನಂದೀಶ ಉಸಿರು ಬಿಟ್ಟನು. ಕೈ ಹಿಡಿದವರ ಹುಬ್ಬುಗಳು ಮಾತ್ರ ಮೆಲ್ಲಗೆ ಗಂಟಾದವು. ಸೋತದ್ದು ಇಬ್ಬರೂ, ಬೇರೆಬೇರೆ ಕಡೆಗೆ! ಈಗ ಪ್ರತಿಯೊಬ್ಬನೂ ತನ್ನ ಸ್ವಂತ ಮಾತಿನ ಮೇಲೆ ನಿಂತಿದ್ದನು. ಜಗಳಕ್ಕೆ ಅಸಲಿ ಬಾಯಿ ಬಂದದ್ದು ಆಗ.

"ಸೇಲ್ಸ್ ಟ್ಯಾಕ್ಸಾ? ಸಂಬ್ಳ ಜಾಸ್ತಿ ನಿಮ್ಗೆ, ಅದ್ಕೇ ಹಿಂಗಾಡ್ತೀರಿ!"

"ರಾಗಿಗೆ ಇನ್ಕಮ್ ಟ್ಯಾಕ್ಸ್ ಇಲ್ಲಲ್ರೀ ನಿಮಗ, ಅದಕ್ಕ ಅದರ ಮ್ಯಾಲ ಇಷ್ಟು ಪ್ರೀತಿ! ನಿಮ್ಮ ಮುಂದ ಹೇಳೂದು, ಸುಂಕದವನ ಮುಂದ ಸುಖ ದುಃಖ ಹೇಳ್ಕೊಂಡಂಗ!"

"ಇಷ್ಟೊತ್ತೂ ನಿಮ್ ಪರ ಮಾತಾಡಿ ನನ್ ಬಾಯಿ ಕೆಟ್ಟೋಯ್ತು! ನನ್ಮಗ ಏಳ್ಕೊಟ್ಟ ಅಂತ ಮಾತಾಡ್ದೆ!"

ಈರಣ್ಣ ನಿಧಾನವಾಗಿ ನಂದೀಶನ ಕಡೆ ತಿರುಗಿದನು. "ಮೊದಲನೇ ದಿನಾನ ಅಪ್ಪಗ ಸುಳ್ಳು ಕಲಿಸಿ ತಂದೀಯೇನಪಾ?"

"ಸಾರ್, ಅದು... ನಿಮ್ಗೆ ಖುಷಿ ಆಗ್ಲಿ ಅಂತ..." ರಕ್ಷಿತಾಳೂ ಅದನ್ನೇ ಮಾಡಿದಳೆಂದು ಹೇಳಿದ್ದರೆ ಅವನು ಉಳಿಯುತ್ತಿದ್ದನು. ಹೇಳಲಿಲ್ಲ.

"ನಾನೂ ಅದನ್ನೇ ಹೇಳ್ಕೊಟ್ಟಿದ್ನಲ್ಲಪ್ಪಾ" ಎಂದು ರಕ್ಷಿತಾ ತಾನೇ ಬಾಗಿಲಿನಿಂದ ನುಡಿದಳು.

ಅದು ಉರಿಯುವ ಒಲೆಗೆ ಎಣ್ಣೆಯಾಯಿತು. ನರಸಪ್ಪ ಎದ್ದು ಹೊರಬಾಗಿಲಿಗೆ ನಡೆದು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇಬಿಟ್ಟನು. ಈರಣ್ಣ ತಡೆಯಲಿಲ್ಲ. ವರ್ಷವಿಡೀ ಬಣ್ಣ ಮಾರಿದ್ದು ನೀರಿಗೆ ಹೋಯಿತೆಂದು ನಂದೀಶ ತಲೆ ತಗ್ಗಿಸಿದನು.

ಇಲ್ಲಿ ಒಂದು ಪದ್ಧತಿಯನ್ನು ಹೇಳಬೇಕು. ಸಂಬಂಧ ಕುದುರಿದ ಮೇಲೆ ಎರಡು ಕಡೆಯ ಹೆಂಗಸರು ಬೀಗರನ್ನು ಹಾಡಿನಲ್ಲಿ ಹಂಗಿಸುವುದುಂಟು. ಪರರ ಮೇಲೆ ಹಾಡಿದರೆ ಅದು ಬೈಗುಳ, ಬೀಗರ ಮೇಲೆ ಹಾಡಿದರೆ ಮರ್ಯಾದೆ. ಕೇಳಿದವರು ಮರುಹಾಡು ಕಟ್ಟಿದರೆ ನಂಟನ್ನು ಒಪ್ಪಿದಂತೆ. ಮಗ ಹೇಳಿದಂತೆ ಅಷ್ಟು ಹೊತ್ತೂ ನಗುತ್ತ ಕುಳಿತಿದ್ದ ಅಂಜಿನಮ್ಮ, ಈರಣ್ಣನ ಮುಖವನ್ನೇ ನೋಡುತ್ತ ಎತ್ತರದ ದನಿ ತೆಗೆದಳು:

"ಬಂದಾನೆ ಬೀಗಣ್ಣ ಮೀಸೆಯ ತಿರುವುತ್ತ
ಒಂದೈತೆ ಮೀಸೆ ಇನ್ನೊಂದೆಲ್ಲಿ? — ಸಂಬಳದ
ಸಂದಾಯದೊಳಗೆ ಕಡಿದಾರೆ!"

ಈರಣ್ಣನ ಕೈ ತಾನಾಗಿಯೇ ಮೀಸೆಯ ಎರಡೂ ತುದಿಗಳನ್ನು ಮುಟ್ಟಿ ನೋಡಿತು. ನಂದೀಶ ನೆಲ ಬಿರಿಯಲಿ ಎಂದು ಬೇಡಿಕೊಂಡನು. ಎಲ್ಲರ ಕಣ್ಣೂ ಬಸಮ್ಮನ ಮೇಲೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಬಾಗಿಲಲ್ಲಿದ್ದ ನರಸಪ್ಪನ ಕಡೆ ಹೋಳಿಗೆಯ ತಟ್ಟೆ ಚಾಚಿದಳು:

"ರಾಗೀಯ ಹೊಲದಾಗ ತೆರಿಗಿಲ್ಲ ಅಂದಾನ
ಬೀಗಣ್ಣ ಹೊಟ್ಟಿ ಹೆಂಗ ಬಂತ? — ಹೋಳೀಗಿ
ಹೋಗೂವ ದಾರ್ಯಾಗ ಸುಂಕಿಲ್ಲ!"

"ಅಯ್ಯಯ್ಯೋ, ನನ್ ಹೊಟ್ಟೆಗೇ ಕೈ ಆಕ್ಬಿಟ್ರಲ್ಲಪ್ಪೋ ಬೀಗಿತ್ತಿ!" ನರಸಪ್ಪ ಒಂಟಿ ಚಪ್ಪಲಿಯಲ್ಲೇ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕನು. ಈರಣ್ಣ ತಡೆದು ತಡೆದು ಕೊನೆಗೆ ಸಿಡಿದನು. ನಗುವಿಗೆ ಸೋಫಾ ಅಲುಗಿತು.

"ಚಪ್ಲಿ ಬಿಚ್ರೀ ಬೀಗ್ರ, ಬಂದು ಕುಂದರ್ರಿ. ಮಾತಿನ್ನೂ ಮುಗದಿಲ್ಲ" ಎಂದನು ಈರಣ್ಣ. "ಈ ಅಪಾರ್ಟ್‌ಮೆಂಟಿನ್ಯಾಗ ನನಗ ಎದುರ ಮಾತಾಡೂ ಗಂಡಸನ್ನ ಇನ್ನೂ ಕಂಡಿರ್ಲಿಲ್ಲ."

"ಮುಗ್ಯೋದ್ ಎಂಗೆ? ಮೊಮ್ಮಕ್ಳು ಕಾಲೇಜಿಗೆ ಹೋದ್ರೂ ನಾನ್ ಬುಡಾಕಿಲ್ಲ. ಇನ್ಕಮ್ ಟ್ಯಾಕ್ಸೇ ಸರಿ!"

"ಸೇಲ್ಸ್ ಟ್ಯಾಕ್ಸ್!"

ಬಸಮ್ಮ ಅಂಜಿನಮ್ಮನ ಹಣೆಗೆ ಕುಂಕುಮವಿಟ್ಟು ಮಡಿಲಿಗೆ ಎಲೆ ಅಡಿಕೆ ಹಾಕಿದಳು. ಅಲ್ಲಿಗೆ ಮದುವೆ ನಿಶ್ಚಯವಾಯಿತು. ಗಂಡಸರಿಬ್ಬರೂ ಅದನ್ನು ಗಮನಿಸಲೇ ಇಲ್ಲ. ಅವರಿಗೆ ನ್ಯಾಯ ಹೇಳುವ ಒಬ್ಬ ಪಂಚ ಬೇಕಾಗಿದ್ದನು.

"ಅಂಗಡಿ ನಡ್ಸೋನು ಎರಡೂ ಕಟ್ತೀಯ. ನೀನೇ ಹೇಳೋ ಮಗಾ, ಯಾವ್ದಿರ್ಬೇಕು?" ಎಂದನು ಅಪ್ಪ.

"ಹೇಳಪಾ ಅಳಿಯಾ, ಈ ಸಲ ಖರೇನ ಹೇಳು" ಎಂದನು ಮಾವ.

ನಂದೀಶ ಒಂದು ಮುಖ ನೋಡಿದನು, ಇನ್ನೊಂದು ಮುಖ ನೋಡಿದನು. ಬಾಯಿ ತೆರೆದನು. ಅಷ್ಟರಲ್ಲಿ ರಕ್ಷಿತಾ ಇಬ್ಬರು ಬೀಗಿತ್ತಿಯರ ನಡುವೆ ಬಂದು ನಿಂತು, ಅವನ ಕಡೆ ಬೆರಳು ತೋರಿ, ಹಾಡಲು ಗಂಟಲು ಸರಿಪಡಿಸಿಕೊಂಡಳು.