ಆಮೆನ್‌ಗೆ ಮೊದಲು

ಕ್ರೈಸ್ತ ಬರಹಗಾರರ ವಾರಾಂತ್ಯದ ಶಿಬಿರದಲ್ಲಿ ಕಥೆ ಓದುವ ಕೊನೆಯ ಸರದಿ ನರ್ಸಮ್ಮನದು. ಜಗಳವಾಡಿ ಮನೆ ಬಿಟ್ಟುಹೋದ ಅಕ್ಕನ ಬಗ್ಗೆ ಬರೆದಿದ್ದಳು. ನಿಜದಲ್ಲಿ ಅಕ್ಕ ಮರಳಿರಲಿಲ್ಲ. ಕಥೆಯ ಕೊನೆಯ ಪುಟದಲ್ಲಿ ಮಾತ್ರ ಬರುತ್ತಿದ್ದಳು. ಅಕ್ಕ ಬಂದಳೆಂದು ಒಮ್ಮೆ ನಾಲ್ಕು ಜನರೆದುರು ಬಾಯಿಬಿಟ್ಟು ಹೇಳಬೇಕೆಂದೇ ಆಸ್ಪತ್ರೆಯ ಪಾಳಿ ಬದಲಿಸಿಕೊಂಡು ಬಂದಿದ್ದಳು.

"ದೇವರೇ, ಅವಳನ್ನು ಕಾಪಾಡು" ಎಂಬ ಸಾಲು ಓದಿ, ಕೊನೆಯ ಪುಟ ತಿರುವುವ ಮೊದಲು ನಿಂತು ಕನ್ನಡಕ ಒರೆಸಿಕೊಂಡಳು. ಕಥೆ ಮುಗಿಯಿತೆಂದುಕೊಂಡು ಎಲ್ಲರೂ ರೂಢಿಯಂತೆ "ಆಮೆನ್" ಎಂದರು, ಕಣ್ಣೊರೆಸಿಕೊಂಡು ಚಹಾಕ್ಕೆ ಎದ್ದುಹೋದರು.

"ಅಳಿಸಿಬಿಟ್ರಲ್ಲಮ್ಮ! ನನ್ನ ಭಾನುವಾರದ ಪ್ರಸಂಗಕ್ಕೆ ಬರೀ ಆಕಳಿಕೆ ಬರುತ್ತೆ," ಎಂದು ಹಿಂದೆಯೇ ಉಳಿದಿದ್ದ ಪಾಸ್ಟರ್ ನಕ್ಕರು. "ಬನ್ನಿ, ಚಹಾ ಆರಿಹೋಗುತ್ತೆ."

"ಮುಗಿದಿಲ್ಲ ಪಾಸ್ಟರ್. ಅಕ್ಕ ಇನ್ನೂ ಬಂದಿಲ್ಲ."

ಪಾಸ್ಟರ್ ಕುರ್ಚಿ ಎಳೆದುಕೊಂಡು ಕೂತರು. ಅವಳು ಓದಿದಳು. ಅಕ್ಕ ಕದ ತಟ್ಟಿದ ಸಾಲು ಬಂದಾಗ ಇಬ್ಬರೂ ಬಾಗಿಲ ಕಡೆ ನೋಡಿದರು.