ತಿಳಿದು ಕೊಡ್ರಿ

ನಮ್ಮ ಮನೆಯಲ್ಲಿ ಬೆಲೆ ಕೇಳುವವರು ಇದ್ದಾರೆ, ಹೇಳುವವರು ಇಲ್ಲ. ಗೋವಾದ ಮಾಪುಸಾದಲ್ಲಿ ಶುಕ್ರವಾರದ ಸಂತೆಯಲ್ಲಿ ಅವ್ವ ಒಂದು ಕಟ್ಟು ಕೊತ್ತಂಬರಿಗೆ ಎಷ್ಟು ಚೌಕಾಶಿ ಮಾಡುತ್ತಾಳೆಂದರೆ, ಮಾರುವವಳೇ ಕೊನೆಗೆ ಒಯ್ಯಿ ತಾಯಿ ಎಂದು ಕೈ ಮುಗಿಯುತ್ತಾಳೆ. ಅದೇ ಅವ್ವ ತನ್ನ ದುಡಿಮೆಯ ಮಾತು ಬಂದರೆ ಬಾಯಿ ಸತ್ತವಳು. ಅಪ್ಪನೂ ಅವಳಿಗೆ ತಕ್ಕ ಗಂಡ. ಅಪ್ಪ ಹುಲಿಗೆಪ್ಪ ಹೊಸ ಕಟ್ಟಡಗಳಲ್ಲಿ ನೆಲಕ್ಕೆ ಫರಸಿ ಕೂಡಿಸುತ್ತಾನೆ; ಅವ್ವ ಸಾವಂತ್ರೆವ್ವ ಮನೆಗೆಲಸಕ್ಕೆ ಹೋಗುತ್ತಾಳೆ. ಎಷ್ಟು ಕೊಡಬೇಕು ಎಂದು ಯಾರಾದರೂ ಕೇಳಿದರೆ ಇಬ್ಬರದೂ ಒಂದೇ ಉತ್ತರ: “ನೀವಽ ತಿಳದು ಕೊಡ್ರಿ.” ಹಾಗೆ ಅಂದರೆ ಮರ್ಯಾದೆ ಉಳಿಯುತ್ತದೆ ಎಂದು ಅವರ ನಂಬಿಕೆ. ಮರ್ಯಾದೆ ಉಳಿದದ್ದು ಹೌದು, ಬೇರೆ ಏನೂ ಉಳಿದದ್ದನ್ನು ನಾನು ಕಂಡಿಲ್ಲ.

ನಾನು ಅಶ್ವಿನಿ. ಪರ್ವರಿಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಸಾಲಾಗಿ ಕಟ್ಟಿದ ಬಾಡಿಗೆ ಖೋಲಿಗಳಲ್ಲಿ ಒಂದು ನಮ್ಮದು. ಬಿ.ಕಾಂ. ಮುಗಿದ ಮೇಲೆ ಮನೆಯಲ್ಲೇ ಕುಳಿತು ವೆಬ್‌ಸೈಟ್ ಮಾಡುವುದನ್ನು ಕಲಿತೆ. ಕಲಿಸಿದವರು ಯೂಟ್ಯೂಬಿನ ಅಣ್ಣಂದಿರು. ಬಣ್ಣ, ಅಕ್ಷರ, ಬಟನ್ನು ಎಲ್ಲವನ್ನೂ ಚೆನ್ನಾಗಿ ಕಲಿಸಿದರು, ಅವರ ಹೊಟ್ಟೆ ತಣ್ಣಗಿರಲಿ. ದರ ಹೇಳುವ ಪಾಠ ಬಂದಾಗ ಮಾತ್ರ ಒಬ್ಬ ಹಿಂದೆ ನೀಲಿ ದೀಪ ಹಚ್ಚಿಕೊಂಡು, “ನಿಮ್ಮ ಬೆಲೆ ನಿಮಗೆ ಗೊತ್ತಿರಲಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿ” ಎಂದು ಡಾಲರಿನಲ್ಲಿ ಉಪದೇಶ ಮಾಡಿದ. ಅವನ ತಾಯಿ ಗಿರಾಕಿಯ ಮನೆಯಲ್ಲಿ ಪಾತ್ರೆ ತಿಕ್ಕುತ್ತಿರಲಿಲ್ಲವೆಂದು ಕಾಣುತ್ತದೆ.

ನನ್ನ ಮೊದಲ ಗಿರಾಕಿಯ ಮನೆಯಲ್ಲಿ ಅವ್ವ ಹನ್ನೊಂದು ವರ್ಷದಿಂದ ಪಾತ್ರೆ ತಿಕ್ಕುತ್ತಿದ್ದಳು. ಲೂರ್ದಿನಾ ಮೇಡಮ್ ತಮ್ಮ ಹಳೆಯ ಮನೆಯ ನಾಲ್ಕು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾರೆ. ಕೋಣೆ ಬುಕ್ ಮಾಡಿಸುವ ಕಂಪನಿಗಳು ಕಮಿಷನ್ ಕೀಳುತ್ತವೆಂದು ಅವರಿಗೆ ಸ್ವಂತ ವೆಬ್‌ಸೈಟ್ ಬೇಕಾಗಿತ್ತು. ಪಣಜಿಯ ಯಾರೋ ನಲವತ್ತೈದು ಸಾವಿರ ಕೇಳಿದ್ದನ್ನು ಅವ್ವ ನೆಲ ಒರೆಸುತ್ತಾ ಕೇಳಿಸಿಕೊಂಡು ಬಂದು, ಯಾರಿಗೋ ಹಾವು ಕಚ್ಚಿದ ಸುದ್ದಿಯ ಹಾಗೆ ನಮಗೆ ಹೇಳಿದಳು. ನನ್ನ ಮಗಳಿಗೂ ಅದು ಬರುತ್ತದೆ ಎಂದು ಮೇಡಮ್‌ಗೆ ಹೇಳಿದವಳೂ ಅವಳೇ. ಆದರೆ ನಾನು ದರ ಯೋಚಿಸುತ್ತಿದ್ದೇನೆ ಎಂದು ತಿಳಿದ ಕೂಡಲೇ ಅವ್ವನ ಮುಖ ಕಪ್ಪಿಟ್ಟಿತು.

“ನೀ ಏನೂ ಹೇಳಬ್ಯಾಡ. ಅವರಽ ತಿಳದು ಕೊಡ್ತಾರ.”

“ತಿಳೀಲಿಲ್ಲಂದ್ರ?”

“ನಿನ್ನ ಲ್ಯಾಪ್‌ಟಾಪ್ ಯಾರದು?” ಎಂದಳು ಅವ್ವ. “ಅವರ ಮಗ ಹೊಸಾದು ತಗೊಂಡಾಗ ನಿನಗ ಕೊಟ್ಟದ್ದು. ಅವರ ಲ್ಯಾಪ್‌ಟಾಪಿನ್ಯಾಗ ಅವರದಽ ಕೆಲಸ ಮಾಡಿ, ಅವರ ಕಡೇನಽ ರೊಕ್ಕಾ ಕೇಳ್ತಿಯೇನ? ಉಪ್ಪು ಉಂಡ ಮನಿಗೆ ಎರಡು ಬಗೀಬಾರದವಾ.”

ಈ ಪಾಠ ನೀಲಿ ದೀಪದ ಅಣ್ಣ ಕಲಿಸಿರಲಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂದು ನಾನೂ ಒಂದು ಗಾದೆ ಎಸೆದೆ. ಆದರೆ ಅಂಜಿಕೆ ನನಗೂ ಇತ್ತು. ಮೇಡಮ್‌ಗೆ ಸಿಟ್ಟು ಬಂದರೆ ನನಗೆ ಒಂದು ಗಿರಾಕಿ ಹೋಗುತ್ತದೆ. ಅವ್ವನಿಗೆ ಕೆಲಸಕ್ಕೆ ಇದ್ದ ಒಂದೇ ಗಟ್ಟಿ ಮನೆ ಹೋಗುತ್ತದೆ. ಅಂಜಿಕೆ ಸೇರಿಸಿ ಲೆಕ್ಕ ಹಾಕಿದರೆ ದರ ಎಂಟು ಸಾವಿರಕ್ಕೆ ಬರುತ್ತಿತ್ತು, ಅಂಜಿಕೆ ಕಳೆದರೆ ಇಪ್ಪತ್ತೈದಕ್ಕೆ ಹೋಗುತ್ತಿತ್ತು. ನಡುವೆ ಎಲ್ಲೋ ಹದಿನೆಂಟು ಎಂದು ಗಟ್ಟಿ ಮಾಡಿಕೊಂಡು ಹೋದೆ.

ಮೇಡಮ್ ವರಾಂಡದ ಬೆತ್ತದ ಕುರ್ಚಿ ತೋರಿಸಿ ಕೂತುಕೋ ಎಂದರು. ಅವರು ಮಾತಾಡುವುದು ಕೊಂಕಣಿ, ನಡುನಡುವೆ ಇಂಗ್ಲಿಷ್. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆ ಮನೆಗೆ ಚಿಕ್ಕಂದಿನಿಂದ ಹೋಗುತ್ತಿದ್ದರೂ ಆ ಕುರ್ಚಿಯಲ್ಲಿ ನಾನು ಕುಳಿತಿರಲಿಲ್ಲ. ಅವ್ವ ನಮ್ಮಿಬ್ಬರಿಗೂ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಐದು ಪುಟ, ಫೋಟೋ ನಾನೇ ತೆಗೆಯುತ್ತೇನೆ, ವಾಟ್ಸ್ಯಾಪಿನಲ್ಲಿ ಬುಕಿಂಗ್ ಬರುವ ಬಟನ್ನು, ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದಕ್ಕೆ ಬೇರೆ ದುಡ್ಡು ಎಂದು ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ.

“ಎಷ್ಟಾಗುತ್ತೆ?” ಎಂದರು ಮೇಡಮ್.

ನಿಜ ಹೇಳುತ್ತೇನೆ, ನೀವೇ ತಿಳಿದು ಕೊಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದು ನಮ್ಮ ವಂಶದ ಮಾತು, ಕರೆಯದೆ ಬರುತ್ತದೆ. ಚಹಾ ಕುಡಿದು ಅದನ್ನು ಒಳಗೆ ತಳ್ಳಿದೆ.

“ಹದಿನೆಂಟು ಸಾವಿರ. ಅರ್ಧ ಮೊದಲೇ ಕೊಡಬೇಕು.”

“ಸರಿ. ನಿನ್ನ ಇದೇ ನಂಬರಿಗೆ ಹಾಕಲಾ?”

ಅಷ್ಟೇ. ಚೌಕಾಶಿ ಇಲ್ಲ, ಲ್ಯಾಪ್‌ಟಾಪಿನ ಮಾತಿಲ್ಲ, ನಿಮ್ಮ ಅವ್ವ ನಮ್ಮ ಮನೆಯವಳ ಹಾಗೆ ಎಂಬ ಪೀಠಿಕೆಯೂ ಇಲ್ಲ. ಫೋನು ಟಿಣ್ ಎಂದಿತು, ಒಂಬತ್ತು ಸಾವಿರ ಬಂದಿತ್ತು. ಅವ್ವನಿಗೆ ಆ ಮನೆಯಿಂದ ಬರುವ ತಿಂಗಳ ಪಗಾರ ಎಂಟು ಸಾವಿರ. ಹಿಗ್ಗಿನಿಂದ ಅವಳ ಕಡೆ ನೋಡಿದೆ. ಅವಳ ಮುಖದಲ್ಲಿ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಖಾಲಿ ಟ್ರೇ ಎದೆಗೆ ಒತ್ತಿ ಹಿಡಿದುಕೊಂಡು ಮೇಡಮ್‌ರನ್ನೇ ನೋಡುತ್ತಿದ್ದಳು.

ಮನೆಯ ದಾರಿಯಲ್ಲಿ, ಮೇಲ್ಸೇತುವೆಯ ಕಾಮಗಾರಿಯ ಧೂಳಿಗೆ ಸೆರಗು ಮುಚ್ಚಿಕೊಂಡು ನಡೆಯುತ್ತಿದ್ದ ಅವ್ವ ಒಮ್ಮೆಲೇ ಅಂದಳು:

“ಒಂದ ಮಾತೂ ಕಡಿಮಿ ಮಾಡು ಅನ್ನಲಿಲ್ಲಲ್ಲ ಆಕಿ.”

“ಕಡಿಮಿನಽ ಹೇಳೇನಿ ಅವ್ವಾ.”

“ಹ್ವಾದ ವರ್ಷ ನಾನೂ ಹೇಳಿದ್ದೆ. ಬಾಡಗಿ ಹೆಚ್ಚಾಗೇತ್ರಿ, ಸ್ವಲ್ಪ ನೋಡ್ರಿ ಅಂತ. ನೋಡೂಣು ಅಂದ್ರು. ಇನ್ನೂ ನೋಡಾಕತ್ತಾರ.”

ನನಗೆ ನಗು ಬಂತು. ಅವ್ವ ನಗಲಿಲ್ಲ. ನನ್ನ ಮೊದಲ ಗಳಿಕೆಯ ದಿನ ಹೀಗಾಯಿತಲ್ಲ ಎಂದು ಸಿಟ್ಟೂ ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಮೇಡಮ್ ಕೆಟ್ಟವರಲ್ಲ. ಕೇಳಿದ್ದಕ್ಕೆ ಕೊಟ್ಟರು. ಅವ್ವ ಇಷ್ಟು ಬೇಕು ಎಂದು ಕೇಳಿರಲೇ ಇಲ್ಲ.

ಕೆಲಸ ಚೆನ್ನಾಗಿ ಸಾಗಿತು. ಕೋಣೆಗಳ ಫೋಟೋ ತೆಗೆದೆ, ಅಂಗಳದ ಮಾವಿನ ಮರದ್ದು ತೆಗೆದೆ, ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈಗಳದ್ದೂ ತೆಗೆದೆ. ಆ ಫೋಟೋ ನೋಡಿ ಮೇಡಮ್‌ಗೆ ಹೊಸ ಯೋಚನೆ ಹೊಳೆಯಿತು. ಈಗಿನ ಪ್ರವಾಸಿಗರಿಗೆ ಬರೀ ಸಮುದ್ರ ಸಾಲದು, ಏನಾದರೂ ಕಲಿತು ಹೋಗಬೇಕು. ಫೋನು ಮಾಡಿ ಇನ್ನೊಂದು ಪುಟ ಸೇರಿಸಲು ಹೇಳಿದರು: ‘ಸಾವಂತ್ರಿಯ ಜೊತೆ ರೊಟ್ಟಿ ಕಲಿಯಿರಿ. ಒಂದು ಗಂಟೆ. ತಲೆಗೆ ಸಾವಿರದ ಐನೂರು ರೂಪಾಯಿ.’ ಹೆಚ್ಚಿನ ಪುಟಕ್ಕೆ ಎರಡು ಸಾವಿರ ಆಗುತ್ತದೆ ಎಂದೆ. ಅದಕ್ಕೂ ಸರಿ ಎಂದರು. ಬೆಲೆ ಹೇಳುವುದು ನನಗೆ ಆಗಲೇ ರೂಢಿಯಾಗುತ್ತಿತ್ತು.

ಪುಟ ಮಾಡಿ ಮುಗಿಸಿ, ಸಂಜೆ ಅವ್ವನನ್ನು ಕೇಳಿದೆ. ಅವಳು ನಮ್ಮ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು.

“ಮ್ಯಾಡಮ್ ರೊಟ್ಟಿ ಕಲಸೂದರ ಬಗ್ಗೆ ಹೇಳ್ಯಾರೇನ?”

“ಹೇಳ್ಯಾರ. ಬಂದ ಮಂದಿ ಮುಂದ ಬಡದು ತೋರಸಬೇಕಂತ. ಚಲೋ ಆತು ಬಿಡು, ಮಂದಿ ಮಾತಾಡಸ್ತಾರ.”

“ನಿನಗೆಷ್ಟು ಕೊಡ್ತಾರಂತ?”

“ಅವರಽ ತಿಳದು...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಹಿಟ್ಟಿನ ಕೈ ಹಿಟ್ಟಿನಲ್ಲೇ ಉಳಿಯಿತು. “ಅವರು ಎಷ್ಟ ತಗೋತಾರ?”

ಲ್ಯಾಪ್‌ಟಾಪು ತಿರುಗಿಸಿದೆ. ಅವ್ವನಿಗೆ ಅಕ್ಷರ ಅಷ್ಟಕ್ಕಷ್ಟೇ, ಅಂಕಿ ಚೆನ್ನಾಗಿ ಬರುತ್ತದೆ.

“ಒಬ್ಬರಿಗೆ?”

“ಒಬ್ಬರಿಗೆ.”

“ಸುಮ್ಮಕಿರ್ರಿ ಇಬ್ಬರೂ,” ಎಂದ ಅಪ್ಪ ಮೂಲೆಯಿಂದ. “ಇದ್ದ ಕೆಲಸಾನೂ ಹೋದೀತು.” ಅವ್ವ ಹಿಟ್ಟಿನ ಉಂಡೆ ಎತ್ತಿಕೊಂಡಳು. ಆ ಸಂಜೆ ಅವಳು ರೊಟ್ಟಿ ಬಡಿದ ಸದ್ದು ಪಕ್ಕದ ಖೋಲಿಯವರಿಗೂ ಕೇಳಿರಬೇಕು.

ಒಪ್ಪಿಸುವ ದಿನ ಮತ್ತೆ ಅದೇ ಕುರ್ಚಿಯಲ್ಲಿ ಕುಳಿತು ಒಂದೊಂದೇ ಪುಟ ತೋರಿಸಿದೆ. ಉಳಿದ ಹಣ ಅಂದೇ ಬರಬೇಕಿತ್ತು. ಮೇಡಮ್ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ತಮ್ಮ ಅಕ್ಕನ ಗೆಸ್ಟ್‌ಹೌಸಿಗೂ ನನ್ನ ಹೆಸರು ಹೇಳುತ್ತೇನೆ ಎಂದರು. ರೊಟ್ಟಿಯ ಪುಟ ಬಂತು. “ಕೈ ಎಷ್ಟು ಚೆಂದ ಬಂದಿದೆ,” ಎಂದರು. ಆಗ ಅವ್ವ ಒಳಗಿನಿಂದ ಬಂದಳು. ಟ್ರೇ ಇರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಮೇಜಿನ ಮುಂದೆ ನಿಂತಳು.

“ಮ್ಯಾಡಮ್, ಇದಕ್ಕ ನನಗ ತಲಿಗೆ ಏಳನೂರು ಬೇಕ್ರಿ.”

ಹನ್ನೊಂದು ವರ್ಷ ಆ ಮನೆಯಲ್ಲಿ ಕೊಂಕಣಿ ಮಾತಾಡಿದವಳಿಗೆ ಆ ಹೊತ್ತಿಗೆ ಬಂದದ್ದು ಕನ್ನಡ. ಮೇಡಮ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ನಗುತ್ತಲೇ ನನ್ನ ಕಡೆ ತಿರುಗಿದರು.

“ಏನಂತಾಳೆ?”

ಇಲ್ಲಿ ನನ್ನ ಧೈರ್ಯವೆಲ್ಲ ಎಲ್ಲಿ ಹೋಯಿತೋ. ಇನ್ನೊಂದು ಕಪ್ ಚಹಾ ಬೇಕೇ ಅಂತ ಕೇಳುತ್ತಿದ್ದಾಳೆ ಎಂದರೆ ಮುಗಿದುಹೋಗುತ್ತಿತ್ತು. ನನ್ನ ಹಣ ಬರುತ್ತಿತ್ತು, ಅಕ್ಕನ ಗೆಸ್ಟ್‌ಹೌಸ್ ಬರುತ್ತಿತ್ತು, ಅವ್ವನ ಕೆಲಸವೂ ಉಳಿಯುತ್ತಿತ್ತು. ಅವ್ವ ನನ್ನ ಮುಖ ನೋಡಲಿಲ್ಲ. ನಾನು ಏನು ಹೇಳಿದರೂ ಅವಳಿಗೆ ತಿಳಿಯುತ್ತಿತ್ತು. ಕೊಂಕಣಿ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ.

“ಈ ಪಾಠಕ್ಕೆ ತನಗೆ ತಲೆಗೆ ಏಳುನೂರು ಬೇಕಂತೆ,” ಎಂದೆ.

ಮೇಡಮ್‌ರ ನಗು ನಿಂತಿತು. “ಪಗಾರ ಕೊಡುತ್ತೇನಲ್ಲ. ಅದರಲ್ಲೇ ಬಂತು ಅಂದುಕೊಂಡಿದ್ದೆ.”

ಅವ್ವ ನಾನು ಹೇಳುವವರೆಗೆ ಕಾಯಲಿಲ್ಲ. “ಪಗಾರ ಮನಿ ಕೆಲಸಕ್ಕರಿ. ಇದು ಕಲಸೂ ಕೆಲಸ. ಕೊಡೂದಿಲ್ಲಂದ್ರ ಬ್ಯಾಡ್ರಿ, ನನಗೇನ ಸಿಟ್ಟಿಲ್ಲ. ಅಶ್ವಿನಿ, ಆ ಪುಟಾ ತಗದಬಿಡು.”

ಇದನ್ನೂ ಕೊಂಕಣಿಯಲ್ಲಿ ಹೇಳಿದೆ, ಒಂದು ಮಾತೂ ಬಿಡದೆ. ನನಗೆ ‘ಸರಿ’ ಎನ್ನಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ತೆಗೆದುಕೊಳ್ಳದ ಮೇಡಮ್ ಈಗ ಪರದೆಯ ಮೇಲಿದ್ದ ಆ ಕೈಗಳನ್ನೇ ನೋಡುತ್ತಾ ಕುಳಿತರು. ಅವ್ವ ನಿಂತೇ ಇದ್ದಳು.

“ಸರಿ,” ಎಂದರು ಕೊನೆಗೆ. “ಏಳುನೂರು.” ಅವರು ನಗಲಿಲ್ಲ. ಅವ್ವ ತಲೆಯಾಡಿಸಿ ಒಳಗೆ ಹೋದಳು. ಮೇಡಮ್ ನನ್ನ ಹಣ ಹಾಕಿದರು. ಅಕ್ಕನ ಗೆಸ್ಟ್‌ಹೌಸಿನ ಮಾತು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕುಣಿಯುತ್ತಾ ಅಡುಗೆಮನೆಗೆ ಹೋದೆ. ಅವ್ವ ನನಗೆ ಬೆನ್ನು ಹಾಕಿ, ನಲ್ಲಿ ಬಿಟ್ಟುಕೊಂಡು, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಗೊತ್ತಾಯಿತು. ಅವಳ ಬೆನ್ನ ಮೇಲೆ ಕೈ ಇಟ್ಟೆ. ಅವಳು ನಲ್ಲಿ ನಿಲ್ಲಿಸಿ, ಮೂಗು ಒರೆಸಿಕೊಂಡು, ಹೊರಗೆ ಕೇಳಿಸದ ಹಾಗೆ ಕೇಳಿದಳು:

“ಎಂಟನೂರು ಅಂದಿದ್ರೂ ಹೂಂ ಅಂತಿದ್ರೇನವಾ?”