ಬಿಳಿ ಬಟ್ಟೆಯ ಗಂಟು

ವೃಂದಾ ಘೋರ್ಪಡೆಯ ದಫ್ತರಖಾನೆಯಲ್ಲಿ ಕಾಗದ ಹುಡುಕುವುದೆಂದರೆ ಎರಡು ನಿಮಿಷದ ಮಾತು. ಪುರಸಭೆಯ ಉಳಿದ ಕೋಣೆಗಳಲ್ಲಿ ಮೇಜಿನ ಮೇಲಿಟ್ಟ ಕನ್ನಡಕವೇ ಸಿಗುವುದಿಲ್ಲ. ಇವಳಲ್ಲಿ ಅಜ್ಜಂದಿರ ಕಾಲದ ಅರ್ಜಿಯೂ ಕರೆದರೆ ಓಗೊಡುತ್ತಿತ್ತು. ಕಾಯಂ ಉಳಿಯಬೇಕಾದ 'ಅ' ವರ್ಗಕ್ಕೆ ಕೆಂಪು ಬಟ್ಟೆ, ವರ್ಷಕ್ಕೇ ಆಯುಷ್ಯ ಮುಗಿಯುವ 'ಡ' ವರ್ಗಕ್ಕೆ ಬಿಳಿ, ನಡುವಿನವಕ್ಕೆ ಹಸಿರು, ಹಳದಿ. ಅವಳಿಗೆ ಇದರ ಜಂಬವೂ ಸ್ವಲ್ಪ ಇತ್ತು. ಇರಲಿ ಬಿಡಿ, ಇರಬೇಕಾದ್ದೇ.

ಆ ಮಂಗಳವಾರ ಬೆಳಿಗ್ಗೆ ಹೌಸಾಬಾಯಿ ಲೋಹಾರ್ ಬಂದು ನಿಂತಳು. ಬಜಾರ ಓಣಿಯ ಮೂಲೆಯಲ್ಲಿ ಕುಲುಮೆ ಇಟ್ಟುಕೊಂಡು ಕುಡುಗೋಲು, ಈಳಿಗೆ ಬಡಿಯುವ ಹೆಂಗಸು. ಆ ಜಾಗ ಅವಳ ಅತ್ತೆಗೆ ಪುರಸಭೆಯೇ ಠರಾವು ಮಾಡಿ ಕೊಟ್ಟದ್ದು. ಈಗ ರಸ್ತೆ ಅಗಲ ಮಾಡುವವರು ಕಾಗದ ತೋರಿಸು, ಇಲ್ಲವೇ ಕುಲುಮೆ ಎತ್ತು ಅನ್ನುತ್ತಿದ್ದರು. ಸಂಜೆ ನಾಲ್ಕಕ್ಕೆ ಮುಖ್ಯಾಧಿಕಾರಿಯ ಮುಂದೆ ವಿಚಾರಣೆ.

"ಎಪ್ಪತ್ತೊಂದನೇ ಇಸವಿ ಠರಾವು ಅಲ್ಲೇನ್ರಿ ಮಾವಶಿ? ಕುಂದರ್ರಿ. ಚಾ ಬರೂದ್ರಾಗ ತರ್ತೀನಿ," ಎಂದು ವೃಂದಾ ಒಳಗೆ ಹೋದಳು. ಕಪಾಟಿನಲ್ಲಿ ನೂರಾ ಹದಿನೇಳನೆಯ ಗಂಟು ಇತ್ತು, ನೂರಾ ಹತ್ತೊಂಬತ್ತನೆಯದೂ ಇತ್ತು. ಬೇಕಾದ ನೂರಾ ಹದಿನೆಂಟರ ಜಾಗದಲ್ಲಿ ಬರೀ ಧೂಳು.

ಆಗ ಅವಳಿಗೆ ನೆನಪಾಯಿತು. ಕಳೆದ ತಿಂಗಳು ಆ ಗಂಟಿನ ಬಟ್ಟೆಯನ್ನು ಇಲಿ ಕಡಿದಿತ್ತು. ಕೆಂಪು ಬಟ್ಟೆ ಮುಗಿದಿತ್ತೆಂದು, ಎರಡು ದಿನದ ಮಟ್ಟಿಗೆ ಅಂತ ಅವಳೇ ಬಿಳಿ ಬಟ್ಟೆ ಸುತ್ತಿ ಮೇಜಿನಡಿ ಇಟ್ಟು ಮರೆತಿದ್ದಳು. ಇಂದು ಬೆಳಿಗ್ಗೆ, ಬಿಳಿ ಗಂಟುಗಳನ್ನೆಲ್ಲ ಕಾಗದದ ಗಿರಣಿಯ ಲಾರಿಗೆ ಹಾಕಿ ಎಂದವಳೂ ಅವಳೇ.

ಅವಳಿಂದ ಸುದ್ದಿ ಕೇಳಿದ ಮೇಲಧಿಕಾರಿ ಕದಮ್ ಸಾಹೇಬರು ದನಿ ತಗ್ಗಿಸಿದರು. "ಕಾಗದ ಸಿಗಲಿಲ್ಲ ಅಂತ ಒಂದ ಸಾಲು ಬರದು ಕೊಡ್ರಿ ಬಾಯಿ. ಐವತ್ತು ವರ್ಷದ ಹಿಂದಿಂದು, ಯಾರ್ ಕೇಳ್ತಾರ?"

"ಹೊರಗ ಕುಂತಾಳಲ್ರಿ ಸಾಹೇಬ್ರ, ಆಕಿ ಕೇಳ್ತಾಳ," ಎಂದ ವೃಂದಾ ಜವಾನ ದಗಡೂ ಮಾಮಾನ ಸ್ಕೂಟರ್ ಹತ್ತಿದಳು.

"ಲಾರಿ ಗಿರಣಿ ಮುಟ್ಟಿತೇನೋ, ಮಾಮಾ."

"ಆ ಡ್ರೈವರ್ ನನಗ ಗೊತ್ತಿಲ್ಲೇನವಾ? ಮಿಸಳ್ ತಿನ್ನದ ನಾಕಾ ದಾಟೂ ಪೈಕಿ ಅಲ್ಲ ಅಂವ!"

ದಗಡೂ ಮಾಮಾನ ಮಾತು ಸುಳ್ಳಾಗಲಿಲ್ಲ. ನಾಕಾದ ಹೋಟೆಲಿನಲ್ಲಿ ಡ್ರೈವರ್ ಮಿಸಳಿನ ಎರಡನೇ ಪ್ಲೇಟಿನಲ್ಲಿದ್ದ. ಲಾರಿಯಲ್ಲಿ ನಲವತ್ತೆರಡು ಬಿಳಿ ಗಂಟು, ಚೀಟಿ ಕಿತ್ತದ್ದರಿಂದ ಎಲ್ಲವೂ ಒಂದೇ ರೂಪ. ತಾಡಪತ್ರಿ ಹಾಸಿ ಬಿಚ್ಚತೊಡಗಿದರು. ಸಂಗತಿ ತಿಳಿದು, ತಿನ್ನಲು ಬಂದವರೂ ಕೈ ತೊಳೆದು ಕೂತರು. ಒಬ್ಬ ಕೈಗೆ ಸಿಕ್ಕ ಅರ್ಜಿಯೊಂದನ್ನು ಓದಿ ಕೂಗಿದ:

"ಅಯ್ಯಯ್ಯ, ನಮ್ಮ ಕಾಕಾ ಮಗ್ಗಲಮನಿ ಹುಂಜದ ಮ್ಯಾಲ ತಕರಾರು ಕೊಟ್ಟಾನಲ್ರೋ! ಭಾಳ ಲಗೂ ಕೂಗ್ತೈತಂತ!"

"ಹುಂಜಕ್ಕ ನೋಟೀಸು ಹೋತೇನು?"

ನಗುವಿನ ನಡುವೆ ಮೂವತ್ತೊಂದನೆಯ ಗಂಟು ಬಿಚ್ಚಿತು. ಹಳದಿಗಟ್ಟಿದ ಹಾಳೆ, ಪುರಸಭೆಯ ಮೊಹರು, ಹೌಸಾಬಾಯಿಯ ಅತ್ತೆ ಗಂಗೂಬಾಯಿಯ ಹೆಸರು. ವೃಂದಾಗೆ ಅಲ್ಲೇ ಅಳು ಬಂತು. ಅತ್ತು, ಮೂಗೊರೆಸಿಕೊಂಡು, ಒಂದು ಬಿಳಿ ಹಾಳೆ ಕೇಳಿ ಏನೋ ಬರೆದಳು. ಕೂತಿದ್ದ ಏಳು ಜನರ ಸಹಿ ತೆಗೆದುಕೊಂಡಳು. ಒಂದೆರಡು ಸಹಿಗೆ ಮಿಸಳಿನ ಎಣ್ಣೆಯೂ ಹತ್ತಿತು.

ವಿಚಾರಣೆಯ ಬಾಗಿಲಲ್ಲೇ ಕದಮ್ ಸಾಹೇಬರು ಅವಳ ಕಿವಿಯಲ್ಲಿ ಉಸುರಿದರು: "ಕಪಾಟಿನ್ಯಾಗ ಇತ್ತು ಅನ್ರಿ ಸಾಕು."

ಒಳಗೆ ರಸ್ತೆಯ ಇಂಜಿನಿಯರ್ ಬಿಡಲಿಲ್ಲ. "ಮುಂಜಾನೆ ಇಲ್ಲದ್ದು ಮಧ್ಯಾಹ್ನ ಹೆಂಗ ಬಂತ್ರಿ? ರದ್ದಿ ಲಾರ್‍ಯಾಗಿಂದ ತಂದ್ರಂತ. ಇದು ಖರೇ ಕಾಗದ ಅಂತ ಯಾರ್ ನಂಬಬೇಕು?"

ಹೌಸಾಬಾಯಿಯ ಮುಖ ಕಪ್ಪಿಟ್ಟಿತು. ವೃಂದಾ ತನ್ನ ಹಾಳೆ ತೆಗೆದು ಗಟ್ಟಿಯಾಗಿ ಓದಿದಳು: ಯಾವತ್ತು ಬಿಳಿ ಬಟ್ಟೆ ಸುತ್ತಿದೆ, ಯಾಕೆ ಸುತ್ತಿದೆ, ಎಲ್ಲಿಟ್ಟೆ, ಲಾರಿಗೆ ಹೇಗೆ ಹೋಯಿತು, ಎಷ್ಟು ಗಂಟೆಗೆ ಯಾರ ಎದುರು ಸಿಕ್ಕಿತು. ಕೊನೆಯಲ್ಲಿ, 'ತಪ್ಪು ನನ್ನದು.'

ಮುಖ್ಯಾಧಿಕಾರಿ ಹಾಳೆಯನ್ನು ತಿರುವಿ ಮುರುವಿ ನೋಡಿದರು. "ಈ ಆಫೀಸಿನ್ಯಾಗ ಇಂಥಾ ಸಾಲು ಮೊದಲನೇ ಸಲ ಓದಾಕತ್ತೀನಿ," ಎಂದು ನಕ್ಕು ಠರಾವನ್ನು ಮಾನ್ಯ ಮಾಡಿದರು. ಕುಲುಮೆ ಉಳಿಯಿತು. ಹೌಸಾಬಾಯಿ ಕಬ್ಬಿಣ ಹಿಡಿಯುವ ಕೈಯಿಂದಲೇ ವೃಂದಾಳನ್ನು ಅಪ್ಪಿಕೊಂಡಳು. ಎಲುಬು ನೋಯುವಷ್ಟು.

ಗಂಟು ಕಟ್ಟುವ ಹೊತ್ತಿಗೆ ಕದಮ್ ಸಾಹೇಬರು ಬಂದರು. ಮನುಷ್ಯ ಅಂಜುಬುರುಕ, ಆದರೆ ಕೆಟ್ಟವರಲ್ಲ. "ನಿಮ್ಮ ಆ ಹಾಳೀನ 'ಡ' ವರ್ಗಕ್ಕ ಹಾಕ್ರಿ ಬಾಯಿ. ಮುಂದಿನ ವರ್ಷ ಲಾರಿ ಹತ್ತತೈತಿ. ನಿಮ್ಮ ಹೆಸರಿಗೂ ಕಳಂಕ ಉಳಿಯಂಗಿಲ್ಲ."

ವೃಂದಾಗೆ ಒಂದು ಗಳಿಗೆ ಆಸೆಯಾಯಿತು. ಆಮೇಲೆ ಸೂಜಿ ತೆಗೆದುಕೊಂಡು ಹಾಳೆಯನ್ನು ಠರಾವಿನ ಬೆನ್ನಿಗೇ ಹೊಲಿದಳು.

"ನಾಳೆ ಮತ್ತ ಯಾರರ, ಈ ಕಾಗದ ಎಲ್ಲಿಂದ ಬಂತು ಅಂದ್ರ? ಮಾವಶಿ ಕುಲುಮಿ ಇರೂ ತನಕ ನನ್ನ ತಪ್ಪೂ ಇರ್ಲಿ ಬಿಡ್ರಿ, ಸಾಹೇಬ್ರ."